ಗಿರಾಕಿ ಬರಲೆಂದು ಒಂದು ಮಂಡಲ

ಅಂಗಡಿಗೆ ಗಿರಾಕಿ ಬರುವುದು ನಿಂತುಹೋದರೂ ನಗು ಬರಿಸುವ ಪ್ರಸಂಗಗಳು ಬರುವುದು ನಿಲ್ಲುವುದಿಲ್ಲ. ಇದು ನನ್ನ ಅನುಭವ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಒಂದು ಗಲ್ಲಿ. ಅಲ್ಲಿ ಹಿಟ್ಟಿನ ಗಿರಣಿಯ ಪಕ್ಕ ನನ್ನದೊಂದು ಅಂಗಡಿ. ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಈಗಲೂ ಇದೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಎಲ್ಲರ ಕೈಯಲ್ಲೂ ಫೋನಿದೆ, ಫೋನಿನೊಳಗೆ ಎಲ್ಲ ಸಿನಿಮಾಗಳೂ ಇವೆ. ನಾನು ಮಾತ್ರ ದಿನಾ ಬೆಳಿಗ್ಗೆ ಆಂಜನೇಯನ ಗುಡಿಗೆ ಹೋಗಿ ಮೂರು ಸುತ್ತು ಹಾಕಿ, ಬಂದು ಬಾಗಿಲು ತೆಗೆದು, ಊದುಬತ್ತಿ ಹಚ್ಚಿ ಕೂರುತ್ತೇನೆ. ಊದುಬತ್ತಿ ಉರಿದು ಮುಗಿಯುತ್ತದೆ. ಆಮೇಲೆ ನಾನೊಬ್ಬನೇ.

ಮುಚ್ಚಿಬಿಡಿ ಎಂದು ನನ್ನ ಹೆಂಡತಿ ಹಿಂದೆಯೇ ಹೇಳಿದ್ದಳು. "ಒಂದು ಡಿಸ್ಕು ಮೇಷ್ಟ್ರ ಮನೇಲಿದೆ. ಜನರ ಕೈಲಿ ನಮ್ಮ ಡಿಸ್ಕು ಇರುವಾಗ ಬಾಗಿಲು ಹಾಕಿದರೆ ಅವರು ತಂದು ಯಾರಿಗೆ ಕೊಡಬೇಕು? ಅದು ಧರ್ಮವಲ್ಲ" ಎಂದು ನಾನು ದಿನ ತಳ್ಳಿದೆ. ಹೋದ ವರ್ಷ ಆ ಮೇಷ್ಟ್ರು ಮನೆಗೆ ಸುಣ್ಣ ಹೊಡೆಸುವಾಗ ಡಿಸ್ಕು ಸಿಕ್ಕಿತೆಂದು ತಂದು ಕೊಟ್ಟುಬಿಟ್ಟರು. ನನ್ನ ನೆಪ ಹೋಯಿತು.

ಹೆಂಡತಿ ಆಗ ಒಂದು ತೀರ್ಮಾನ ಕೊಟ್ಟಳು. "ಒಂದು ಮಂಡಲ ನೋಡಿ. ನಲವತ್ತೆಂಟು ದಿನದಲ್ಲಿ ಸಿನಿಮಾ ನೋಡೋ ಗಿರಾಕಿ ಒಬ್ಬರಾದರೂ ಬಂದರೆ ನಿಮ್ಮ ಅಂಗಡಿ ನಿಮಗೆ. ಬರದಿದ್ರೆ ಬೀಗ."

ದೇವರ ಮೇಲೆ ಭಾರ ಹಾಕಿ ಒಪ್ಪಿಕೊಂಡೆ. ಕೂತು ದಿನ ಎಣಿಸುತ್ತಿದ್ದಾಗ ಹಳೆಯವೂ ಹೊಸವೂ ಕೆಲವು ನೆನಪಿಗೆ ಬಂದವು.

ಬಾಗಿಲಾಚೆ ನಿಂತು ಹೇಳಿದ್ದು

ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲ. ಹತ್ತಿರದ ಹಳ್ಳಿಯ ಒಬ್ಬ ರೇಷ್ಮೆ ಬೆಳೆಗಾರರು ಪ್ಲೇಯರನ್ನೂ ಒಂದು ಸಿನಿಮಾವನ್ನೂ ಒಟ್ಟಿಗೆ ತೆಗೆದುಕೊಂಡು ಹೋದರು. ಕೊನೆಯ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲೆ, ರೇಷ್ಮೆಹುಳ ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತದೆ. ಮನೆಯವರೆಲ್ಲ ಸೊಪ್ಪು ಹಾಕುವ ಕೆಲಸದಲ್ಲೇ ಇರಬೇಕು. ಮಧ್ಯೆ ಬೇಸರ ಕಳೆಯಲು ಸಿನಿಮಾ. ಎಂಟು ದಿನವಾದರೂ ಡಿಸ್ಕು ಬರಲಿಲ್ಲ. ಸೈಕಲ್ಲು ಹತ್ತಿ ನಾನೇ ಹೋದೆ.

ಹುಳ ಇರುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಹುಳಕ್ಕೆ ರೋಗ ತಗಲುತ್ತದೆಂದು. ಹೊಸಿಲಿಗೆ ಸುಣ್ಣದ ಪುಡಿ ಚೆಲ್ಲಿದ್ದರು. ಅದರಾಚೆ ನಿಂತು ಕೂಗಿದೆ.

"ಇನ್ನೂ ಮುಗಿದಿಲ್ಲ ಸ್ವಾಮಿ," ಬೆಳೆಗಾರರು ಒಳಗಿಂದಲೇ ಹೇಳಿದರು. "ಸೊಪ್ಪು ಹಾಕಿ ಕೂತ್ಕೊಂಡು ಎರಡು ಮಾತು ಕೇಳೋಷ್ಟರಲ್ಲಿ ಮತ್ತೆ ಸೊಪ್ಪು. ಎಂಟು ದಿನದಿಂದ ಸಿನಿಮಾದಲ್ಲಿ ಆ ಹುಡುಗ ಬಸ್‌ಸ್ಟ್ಯಾಂಡಲ್ಲೇ ನಿಂತವ್ನೆ. ಈಗ ಹುಳ ಹಣ್ಣಾಗ್ತಾ ಐತೆ, ಗೂಡು ಕಟ್ಟಕ್ಕೆ ಚಂದ್ರಂಕಿ ತಟ್ಟೆಗೆ ಬಿಡ್ಬೇಕು. ನೋಡಕ್ಕೆಲ್ಲಿ ಪುರುಸೊತ್ತು? ಕೊನೇಗೇನಾಯ್ತು ನೀವೇ ಹೇಳಿಬಿಡಿ."

ಮನೆಗಳಿಗೆ ತಕ್ಕದ್ದೋ ಅಲ್ಲವೋ ಎಂದು ಪ್ರತಿ ಸಿನಿಮಾವನ್ನೂ ಮೊದಲು ನಾನು ನೋಡುವುದು ಪದ್ಧತಿ. ಹಾಗಾಗಿ ಕಥೆ ಗೊತ್ತಿತ್ತು. ಸುಣ್ಣದ ಗೆರೆಯಾಚೆ ಬಿಸಿಲಿನಲ್ಲಿ ನಿಂತು, ಬಸ್‌ಸ್ಟ್ಯಾಂಡಿನಿಂದ ಹಿಡಿದು ಮದುವೆಯವರೆಗೆ ಹೇಳಿದೆ. ಒಳಗೆ ಹುಳಗಳು ಸೊಪ್ಪು ತಿನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮುಂದಿನ ಬೆಳೆಗೆ ಅವರದೇ ಫೋನು. "ಸ್ವಾಮಿ, ನಾಲ್ಕನೇ ಜ್ವರ ಎದ್ದವೆ. ಡಿಸ್ಕು ಬೇಡ. ನೀವೇ ಬಂದು ಬಾಗ್ಲಲ್ಲಿ ನಿಂತ್ಕೊಂಡು ಹೇಳ್ಬಿಡಿ. ಅದಕ್ಕಿಂತ ನಿಮ್ದೇ ಚೆನ್ನಾಗೈತೆ, ಹಾಡೂ ಇಲ್ಲ."

ಅಂದೇ ಅಂಗಡಿಯಲ್ಲಿ ಬೋರ್ಡು ಬರೆಸಿ ಹಾಕಿದೆ: 'ಸಿನಿಮಾ ಪೂರ್ತಿ ನೋಡಿದ ಮೇಲೆಯೇ ಹಿಂದಿರುಗಿಸುವುದು. ಕಥೆ ಹೇಳಲಾಗುವುದಿಲ್ಲ.'

ಆಯುಧಪೂಜೆ

ಒಂದು ವರ್ಷ ಆಯುಧಪೂಜೆಯ ದಿನ ಯೋಚನೆ ಬಂತು. ಗಿರಣಿಯವರು ಗಿರಣಿಗೆ ಪೂಜೆ ಮಾಡುತ್ತಾರೆ, ನೂಲು ತೆಗೆಯುವವರು ರಾಟೆಗೆ ಮಾಡುತ್ತಾರೆ. ನನಗೆ ಅನ್ನ ಕೊಡುವುದು ಡಿಸ್ಕು. ಬರೀ ಪ್ಲೇಯರಿಗೆ ಹೂವು ಮುಡಿಸಿ ಡಿಸ್ಕುಗಳನ್ನು ಬಿಟ್ಟರೆ ಹೇಗೆ? ಒಂದೊಂದನ್ನೇ ತೆಗೆದು ಗಂಧ ಕುಂಕುಮ ಇಡಲು ಕೂತೆ.

ಚಿತ್ರವಿರುವ ಕಡೆ ಇಡಲು ಹೋದರೆ ಮೊದಲನೆಯದರಲ್ಲೇ ಖಳನಾಯಕ. ಅವನ ಹಣೆಗೆ ಇಡಲು ಮನಸ್ಸು ಬರಲಿಲ್ಲ. ಎರಡನೆಯದರಲ್ಲಿ ನಾಯಕಿ. ಪರಸ್ತ್ರೀಯ ಹಣೆಗೆ ನಾನು ಕುಂಕುಮ ಇಡುವುದುಂಟೇ? ತಿರುಗಿಸಿದೆ. ಹಿಂಬದಿ ತೊಳೆದ ಬೆಳ್ಳಿತಟ್ಟೆಯ ಹಾಗೆ ಹೊಳೆಯುತ್ತಿತ್ತು. ಸರಿ, ಎಲ್ಲದಕ್ಕೂ ಅಲ್ಲೇ ತೂತಿಗೂ ಅಂಚಿಗೂ ನಡುವೆ ಒಂದೊಂದು ಬೊಟ್ಟು ಇಟ್ಟು ಮಂಗಳಾರತಿ ಮಾಡಿದೆ. ಡಿಸ್ಕು ಓದಿಕೊಳ್ಳುವುದು ಆ ಹೊಳೆಯುವ ಕಡೆಯಿಂದ ಎನ್ನುವುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ನಾಲ್ಕನೇ ದಿನ, ನೂಲು ಬಿಚ್ಚುವ ಕಾರ್ಖಾನೆ ನಡೆಸುವ ಸಾಹೇಬರು ಮೂರು ಡಿಸ್ಕು ಹಿಡಿದುಕೊಂಡು ಬಂದರು. ನಯವಾದ ಮನುಷ್ಯರು, ಜಗಳಕ್ಕೆ ಬರುವವರಲ್ಲ.

"ಸ್ವಾಮೀಜಿ, ನಿಮ್ದು ಪಿಚ್ಚರ್ ಎಲ್ಲಾ ಅರ್ಧಕ್ಕೆ ನಿಂತೋಗ್ತೈತೆ. ಹೀರೋ ಹೊಡ್ಯೋಕೆ ಕೈ ಎತ್ತಿದ್ರೆ ಇಳಿಸೋದೇ ಇಲ್ಲ."

"ಮೂರರಲ್ಲೂನಾ?"

"ಮೂರರಲ್ಲೂ. ಕೈ ಎತ್ಕೊಂಡು ಆಶೀರ್ವಾದ ಮಾಡಿದಂಗೆ ನಿಂತವ್ನೆ. ನಮ್ಮ ಲೇಬರ್ ಹೆಂಗಸ್ರು ಕೈ ಮುಗಿದುಬಿಟ್ರು."

ಕೂತು ಅಷ್ಟೂ ಡಿಸ್ಕುಗಳನ್ನು ನೀರಿನಲ್ಲಿ ತೊಳೆದೆ. ಮನೆಯಲ್ಲಿ ಹೇಳಲಿಲ್ಲ. ಇಟ್ಟ ಕುಂಕುಮ ಒರೆಸುವ ಮಾತನ್ನೇ ನಮ್ಮ ಮನೆಯಲ್ಲಿ ಆಡುವಂತಿಲ್ಲ. ಸಾಯಂಕಾಲ ಹೆಂಡತಿ ನನ್ನ ಕೆಂಪು ಕೈ ನೋಡಿ, "ಅಂಗಡೀಲಿ ಕುಂಕುಮಾರ್ಚನೆ ಇಟ್ಕೊಂಡಿದ್ರಾ? ನನ್ನ ಕರೀಬಾರದಿತ್ತಾ? ಒಂದು ದಿನಾನೂ ಅಲ್ಲಿಗೆ ಬಾ ಅಂದವರಲ್ಲ ನೀವು" ಎಂದಳು. ಆಮೇಲೆ, ಅರ್ಚನೆ ಮಾಡಿದ ಕೈ ಎಂದು ಕಣ್ಣಿಗೊತ್ತಿಕೊಂಡಳು.

ದ್ರಾಕ್ಷಿ ತೋಟದವರು

ಮಂಡಲದ ಹನ್ನೊಂದನೇ ದಿನ ನಂದಿ ಕಡೆಯ ಒಬ್ಬರು ಮೋಟಾರ್‌ಸೈಕಲ್ಲು ನಿಲ್ಲಿಸಿ ನೇರವಾಗಿ ಒಳಗೆ ಬಂದರು. "ಇಪ್ಪತ್ತು ಸಿನಿಮಾ ಬೇಕಾಗಿತ್ತು" ಎಂದರು.

ಇಪ್ಪತ್ತು! ಮನಸ್ಸಿನಲ್ಲೇ ಆಂಜನೇಯನಿಗೆ ವಡೆಮಾಲೆ ಹರಸಿಕೊಂಡೆ. ಕುರ್ಚಿ ಒರೆಸಿ ಕೂರಿಸಿದೆ.

"ಯಾವ ಥರದ್ದು ಕೊಡಲಿ? ಕನ್ನಡವೋ ತೆಲುಗೋ?"

"ಏದೈನಾ ಸರೇ, ಯಾವ್ದಾದ್ರೂ ಆಗ್ತೈತೆ. ಹೊಳೀಬೇಕು ಅಷ್ಟೇ."

"ಹೊಳೀಬೇಕು ಅಂದರೆ?"

"ದ್ರಾಕ್ಷಿ ಹಣ್ಣಿಗೆ ಬಂದೈತೆ. ಹಕ್ಕಿ ಕಾಟ. ದಾರಕ್ಕೆ ಕಟ್ಟಿ ನೇತಾಕ್ಬೇಕು. ಗಾಳಿಗೆ ಮಿಣಮಿಣ ಅಂದ್ರೆ ಹಕ್ಕಿ ಹೆದರ್ತವೆ."

ಕುರ್ಚಿ ಒರೆಸಿದ ಬಟ್ಟೆಯನ್ನು ಮಡಚಿ ಇಟ್ಟೆ. ಆದರೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿಲ್ಲ. ಹಕ್ಕಿ ಹೆದರಬೇಕಾದರೆ ಇವೇ ಸರಿ ಎಂದು, ಗೀರು ಬಿದ್ದು ಹಾಳಾಗಿದ್ದ ಇಪ್ಪತ್ತು ದೆವ್ವದ ಸಿನಿಮಾಗಳನ್ನು ಆರಿಸಿ ಕೊಟ್ಟೆ.

ಮನೆಗೆ ಹೋಗಿ ಗಿರಾಕಿ ಬಂದರು ಎಂದೆ. ಹೆಂಡತಿ ಪೂರ್ತಿ ಕೇಳಿ, "ಸಿನಿಮಾ ನೋಡೋರು ಅಂತ ತಾನೇ ಮಾತಾಗಿದ್ದು? ಹಕ್ಕಿ ನೋಡೋದು ಸೇರಲ್ಲ" ಎಂದಳು.

ಕೆಲವು ದಿನ ಬಿಟ್ಟು ಆ ತೋಟದವರಿಗೆ ಫೋನು ಮಾಡಿದೆ. ಮಾತಾಡಲು ಬೇರೆ ಯಾರೂ ಇರಲಿಲ್ಲ. ಹಕ್ಕಿಗಳು ಹೆದರಿದವೇ ಎಂದು ಕೇಳಿದೆ.

"ಎರಡು ದಿನ ಹೆದರಿದ್ವು. ಈಗ ಡಿಸ್ಕುಗಳ ಮುಂದೇನೇ ತಂತಿ ಮೇಲೆ ಸಾಲಾಗಿ ಕೂತ್ಕೊಂಡು ನೋಡ್ತಾ ಇರ್ತವೆ. ನಿಮ್ಮ ಅಂಗಡಿಗಿಂತ ನಮ್ಮ ತೋಟದಲ್ಲೇ ರಷ್ಷು ಸ್ವಾಮಿ."

ವ್ಯಾಪಾರದ ಭವಿಷ್ಯ

ಮೂವತ್ತನೇ ದಿನ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಚಿಂತಾಮಣಿ, ಗೌರಿಬಿದನೂರು ಎಲ್ಲ ಸುತ್ತಿ ಬಂದಿದ್ದಳಂತೆ. ಸಣ್ಣ ಊರುಗಳಲ್ಲಿ ಮನೆಗೆ ಸಿನಿಮಾ ಬಾಡಿಗೆ ಕೊಡುವ ವ್ಯಾಪಾರಕ್ಕೆ ಮುಂದೆ ಅವಕಾಶವಿದೆಯೇ ಎಂದು ಯಾವುದೋ ಕಂಪನಿಗೆ ವರದಿ ಬರೆಯಬೇಕಂತೆ. "ಮೂರು ಊರಲ್ಲಿ ಹುಡುಕಿದೆ ಅಂಕಲ್, ನೀವೊಬ್ಬರೇ ಸಿಕ್ಕಿದ್ದು" ಎಂದಳು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

"ನಿಮಗೆ ಕಾಂಪಿಟಿಷನ್ ಯಾರು?"

"ಕರೆಂಟು, ನೆಟ್‌ವರ್ಕು ಎರಡೂ ಇದ್ದ ದಿನ ಎಲ್ಲರೂ. ಎರಡೂ ಇಲ್ಲದ ದಿನ ಯಾರೂ ಇಲ್ಲ."

"ಹಾಗಾದ್ರೆ ಅಂಥ ದಿನ ನಿಮಗೆ ಒಳ್ಳೆ ವ್ಯಾಪಾರ?"

"ಕರೆಂಟಿಲ್ಲದೆ ನನ್ನ ಪ್ಲೇಯರೂ ಓಡಲ್ಲ ತಾಯಿ."

ಅದನ್ನೂ ಬರೆದುಕೊಂಡಳು. ಅವಳ ಪ್ರಶ್ನೆಗಳು ಬೇಗ ಮುಗಿಯುವಂತಿದ್ದವು. ಮುಗಿದರೆ ಎದ್ದು ಹೋಗುತ್ತಾಳಲ್ಲ ಎಂದು ನಾನು ಒಂದೊಂದು ಉತ್ತರವನ್ನೂ ಹಳ್ಳಿ ಶಾಲೆಗೆ ಹೋಗುತ್ತಿದ್ದ ಕಾಲದಿಂದ ಶುರುಮಾಡಿದೆ. ಟೀ ತರಿಸಿದೆ. ಆಮೇಲೆ ಇನ್ನೊಂದು ಟೀ. ಮಧ್ಯೆ, ಒಂದು ಸಿನಿಮಾ ಒಯ್ಯಮ್ಮ ಎಂದೆ. ಅವಳ ಹತ್ತಿರ ಪ್ಲೇಯರೇ ಇಲ್ಲವಂತೆ.

"ಕೊನೇ ಪ್ರಶ್ನೆ ಅಂಕಲ್. ಈ ತಿಂಗಳು ಅಂಗಡಿಗೆ ಎಷ್ಟು ಜನ ಬಂದ್ರು?"

ನಾನು ಸುಳ್ಳು ಹೇಳುವುದಿಲ್ಲ. ತೋಟದವರನ್ನು ಹೆಂಡತಿ ಒಪ್ಪಿಲ್ಲವಾದ್ದರಿಂದ ಬಿಟ್ಟು ಎಣಿಸಿದೆ.

"ನಿನ್ನನ್ನೂ ಸೇರಿಸಿ ಒಬ್ಬರು."

ನಲವತ್ತೆಂಟನೇ ದಿನ

ಕೊನೆಯ ದಿನ ಬೀಗವನ್ನೂ ಜೊತೆಯಲ್ಲೇ ಒಯ್ದಿದ್ದೆ. ಆಂಜನೇಯನಿಗೆ ಮೂರರ ಬದಲು ಒಂಬತ್ತು ಸುತ್ತು ಹಾಕಿ ಬಂದು ಕೂತೆ. ಹನ್ನೊಂದಕ್ಕೆ ಒಬ್ಬರು ಬಂದರು, ಗಿರಣಿ ಯಾವಾಗ ತೆಗೆಯುತ್ತಾರೆಂದು ಕೇಳಿದರು, ಹೋದರು. ಮಧ್ಯಾಹ್ನ ಯಾರೂ ಇಲ್ಲ. ನಾಲ್ಕು ಗಂಟೆಗೆ ಎದ್ದು ಡಿಸ್ಕುಗಳಿಗೆ ಬಟ್ಟೆ ಹೊದಿಸುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಸಿನಿಮಾ ಕೊಡ್ತೀರಾ?"

ತಿರುಗಿದರೆ ನನ್ನ ಹೆಂಡತಿ! ಗುಡಿಗೆ ಹೋಗುವ ಸೀರೆ ಉಟ್ಟು, ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದಾಳೆ. ಇಷ್ಟು ವರ್ಷಗಳಲ್ಲಿ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ವ್ಯಾಪಾರದ ಸರಕು ಮನೆಗೆ ಬರಬಾರದೆಂದು ನಾನು ಒಂದು ಡಿಸ್ಕನ್ನೂ ಒಯ್ದವನಲ್ಲ.

"ನೀನ್ಯಾಕೆ ಬಂದೆ?"

"ಯಾಕೆ, ನಾನು ಗಿರಾಕಿ ಅಲ್ವಾ? ನಿಮ್ಮ ಅಂಗಡಿಗೆ ಯಾರೂ ಬರಲ್ಲ ಅಂತ ನೀವು ಇಲ್ಲಿ ಒಬ್ಬರೇ ಕೂತ್ಕೋತೀರಿ. ಅಲ್ಲಿ ಮನೆಗೇನು ದಿನಾ ಜನ ಕ್ಯೂ ನಿಂತಿರ್ತಾರಾ?"

ರಿಜಿಸ್ಟರು ತೆಗೆದೆ. ಹೊಸ ಸದಸ್ಯರಾದರೆ ಪರಿಚಯದವರೊಬ್ಬರ ಸಹಿ ಬೇಕು, ಅದು ನಿಯಮ.

"ನಿನ್ನನ್ನು ಬಲ್ಲವರು ಯಾರಿದ್ದಾರೆ?"

"ನೀವೇ ಮಾಡಿ ಸಹಿ. ಪೂರ್ತಿ ಬಲ್ಲೆ ಅಂತ ಮಾತ್ರ ಬರೀಬೇಡಿ."

ನಾನು ಸಹಿ ಮಾಡುವಷ್ಟರಲ್ಲಿ ಅವಳು ಮೂಲೆಯ ಪೊರಕೆ ತೆಗೆದು ಕಸ ಗುಡಿಸತೊಡಗಿದ್ದಳು. ಕಪಾಟಿನ ಅಡಿಯಿಂದ ಧೂಳಿನ ಜೊತೆ ಒಂದು ಡಿಸ್ಕು ಜಾರಿ ಬಂತು. ಡಬ್ಬಿಯಲ್ಲೇ ಇತ್ತು. "ಇದೇ ಕೊಡಿ" ಎಂದು ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಪ್ಲೇಯರಿಲ್ಲ, ಅಂಗಡಿಯದನ್ನೇ ಬಿಚ್ಚಿ ಹೊತ್ತುಕೊಂಡು ಹಿಂದೆ ನಡೆದೆ.

ದೀಪ ಹಚ್ಚಿದ ಮೇಲೆ ಇಬ್ಬರೂ ಕೂತೆವು. ಅರ್ಧ ಸಿನಿಮಾ ಚೆನ್ನಾಗಿ ಓಡಿತು. ಕಥೆಯಲ್ಲಿ ಯಾರೋ ಬಾಗಿಲು ತಟ್ಟಿದರು. ನಾಯಕಿ ಎದ್ದು ಹೋಗಿ ಅಗುಳಿಗೆ ಕೈ ಇಟ್ಟಳು. ಅಷ್ಟೇ, ಹಾಗೇ ನಿಂತಳು.

ಡಿಸ್ಕು ಹೊರಗೆ ತೆಗೆದು ತಿರುಗಿಸಿದೆ. ಹೊಳೆಯುವ ಕಡೆ, ತೂತಿಗೂ ಅಂಚಿಗೂ ನಡುವೆ, ಗಂಧದ ಮೇಲೆ ಕುಂಕುಮ. ಆ ವರ್ಷ ತೊಳೆಯದೆ ಉಳಿದುಹೋದ ಒಂದೇ ಒಂದು! ಪಂಚೆಯ ಚುಂಗು ಒದ್ದೆ ಮಾಡಿಕೊಂಡೆ. ಹೆಂಡತಿ ಕೈ ಹಿಡಿದುಬಿಟ್ಟಳು.

"ಅಯ್ಯಯ್ಯೋ, ಏನು ಮಾಡ್ತಿದೀರಿ? ಇಟ್ಟ ಕುಂಕುಮ ಒರೆಸ್ತಾರಾ?"

"ಒರೆಸದಿದ್ದರೆ ಮುಂದಕ್ಕೆ ಹೋಗಲ್ಲ ಕಣೇ."

"ಹೋಗದಿದ್ರೆ ಬೇಡ. ಬಾಗಿಲು ತಟ್ಟಿದ್ದು ಯಾರು ಅಂತ ಹೇಳಿಬಿಡಿ, ನಿಮಗೆ ಗೊತ್ತಲ್ಲ."

"ಕಥೆ ಹೇಳಲಾಗುವುದಿಲ್ಲ ಅಂತ ಬೋರ್ಡು ಹಾಕಿದೀನಿ."

"ಪೂರ್ತಿ ನೋಡದೆ ವಾಪಸು ತಗೊಳ್ಳಲ್ಲ ಅಂತಾನೂ ಹಾಕಿದೀರಿ. ಬರೋವಾಗ ಓದ್ಕೊಂಡೇ ಬಂದೆ" ಎಂದು ಅವಳು ತಟ್ಟೆ ಹಾಕಲು ಎದ್ದಳು.

ಅಂದಿನಿಂದ ಸಂಜೆ ಆರಕ್ಕೇ ಅಂಗಡಿ ಮುಚ್ಚಿ ಪ್ಲೇಯರು ಹೊತ್ತುಕೊಂಡು ಮನೆಗೆ ಬರುತ್ತೇನೆ. ಅಗುಳಿಯವರೆಗೆ ನೋಡುತ್ತೇವೆ, ಊಟ ಮಾಡುತ್ತೇವೆ. ಬೆಳಿಗ್ಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ರಿಜಿಸ್ಟರಿನಲ್ಲಿ ಈಗ ಉಳಿದಿರುವ ಒಬ್ಬಳೇ ಸದಸ್ಯೆಯನ್ನು ಪದ್ಧತಿಯಂತೆ ಕೇಳುತ್ತೇನೆ.

"ಸಿನಿಮಾ ನೋಡಿ ಮುಗೀತೇನಮ್ಮ? ಡಿಸ್ಕು ವಾಪಸು ಕೊಡ್ತೀಯಾ?"

"ಎಲ್ಲಿ ಮುಗೀತು? ಅವಳಿನ್ನೂ ಬಾಗಿಲೇ ತೆಗೆದಿಲ್ಲ. ನೀವು ಹೋಗಿ ಅಂಗಡಿ ಬಾಗಿಲು ತೆಗೀರಿ."