ಬ್ಯಾಟರಿ ದೋಣಿಗೆ ಹುಟ್ಟು ಯಾಕ ಬೇಕ್ರಿ?

ಬ್ಯಾಟರಿ ಕುಂದರಸೂದು ಒಂದು ತಾಸಿನ ಕೆಲಸ, ಅದರ ಹಿಂದ ಬರೂ ಪ್ರಶ್ನಿಗೆ ಉತ್ತರ ಹೇಳೂದು ವರ್ಷದ ಕೆಲಸ. ನಾನು ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ವರ್ಕಶಾಪಿನಾಗ ದೋಣಿಗೆ ಬ್ಯಾಟರಿ ಮೋಟಾರ್ ಜೋಡಸಾಂವ. ಬೆಳಗಾವ್ಯಾಗ ಸಮುದ್ರ ಎಲ್ಲೈತಿ ಅಂತ ಎಲ್ಲಾರೂ ನಗತಾರ. ಖಾನಾಪುರಕ್ಕ ಹೋದ್ರ ಮಲಪ್ರಭಾ ಐತಲ್ಲ, ಅಲ್ಲಿ ನಗೂ ಪಾಳಿ ನಂದು.

೧. ಮೊದಲ ನೀವು ಇಳೀರಿ

ಖಾನಾಪುರದ ಹೊಳಿ ದಂಡ್ಯಾಗ ಮೀನು ಹಿಡಿಯೂ ಕಾಕಾ ಒಬ್ರು. ಹುಟ್ಟು ಹಾಕಿ ಹಾಕಿ ಬಲಭುಜ ಹೋಗಿತ್ತು. "ಇನ್ನ ಹುಟ್ಟು ಮುಟ್ಟಿದ್ರ ಕೈ ಮ್ಯಾಲೇಳೂದಿಲ್ಲ" ಅಂತ ಡಾಕ್ಟರ್ ಖಡಕ್ ಆಗಿ ಹೇಳಿದ್ರು. ಬ್ಯಾಟರಿ ನಡೀಲಿಲ್ಲಂದ್ರ ದೋಣಿ ಮಾರೂದ ಗತಿ. "ಬ್ಯಾಟರಿ ಕೈ ಕೊಡೂದಿಲ್ಲ ಬಿಡ್ರಿ ಕಾಕಾ" ಅಂದೆ.

ಮೋಟಾರ್ ಜೋಡಿಸಿದೆ. ಕಾಕಾ ಸುತ್ತಾಡಿ ನೋಡಿ ಕೇಳಿದ್ರು, "ನೀರಾಗ ಕರೆಂಟ್ ಬಿಡತೀರಿ. ಮೀನ ಸಾಯೂದಿಲ್ಲೇನ್ರಿ?"

"ಇಲ್ಲ ಕಾಕಾ, ಕರೆಂಟ್ ಹೊರಗ ಬರೂದಿಲ್ಲ."

"ಖರೇನ?"

"ಖರೇ."

"ಹಂಗಾರ ನೀವು ನೀರಾಗ ಇಳೀರಿ, ನಾ ಚಾಲೂ ಮಾಡತೀನಿ."

ಪ್ಯಾಂಟ್ ಮಡಚಿ ಮೊಣಕಾಲತನಕ ಇಳದೆ. ಚಾಲೂ ಮಾಡಿದ್ರು. ನಾ ಸಾಯಲಿಲ್ಲ. ಕಾಕಾ ತಮ್ಮ ಹೆಂಡತಿ ಕಾಕು ಕಡೆ ತಿರುಗಿ, "ಇವರ ಬದುಕ್ಯಾರ ಅಂದಮ್ಯಾಲ ಮೀನಿಗೇನೂ ಆಗೂದಿಲ್ಲ ಬಿಡ" ಅಂದ್ರು.

೨. ಜಗಲಿ ಬಾಜೂಕ

ಅವರ ಮನ್ಯಾಗ ಪ್ಲಗ್ ಇದ್ದದ್ದು ದೇವರ ಜಗಲಿ ಬಾಜೂಕ. ಚಾರ್ಜಿಗೆ ಬ್ಯಾಟರಿ ಅಲ್ಲೇ ಕುಂತಿತು. ಕಾಕು ಜಳಕ ಮಾಡಿ ದೇವರಿಗೆ ಕುಂಕುಮ ಹಚ್ಚೂಮುಂದ, ಬಾಜೂಕ ಕುಂತದ್ದಕ್ಯಾಕ ಬ್ಯಾಸರ ಅಂತ ಅದಕ್ಕೂ ಒಂದು ಬೊಟ್ಟು ಇಟ್ರು. ವಾರ ತುಂಬೂದ್ರಾಗ ಹೂವು, ಊದಿನಕಡ್ಡಿ, ನೈವೇದ್ಯ ಎಲ್ಲಾ ಚಾಲೂ ಆತು.

ಆಮ್ಯಾಲ ಕಾಕು ನನಗ ಫೋನ್ ಮಾಡಿದ್ರು. "ದಿನಾ ಪೂಜಿ ಆಗೂದನ್ನ ಮೀನಿನ ಬುಟ್ಟಿ ಬಾಜೂಕ ಹೆಂಗ ಇಡೂದ್ರಿ? ಇದು ಮನ್ಯಾಗ ಇರಲಿ. ಕೆಲಸಕ್ಕ ಬ್ಯಾರೇದು ಕಳಸ್ರಿ."

೩. ಬುಟ್ಟಿ ತುಂಬ ಮೊಬೈಲ್

ಹೋಗಿ ಪಡಸಾಲಿಗೆ ಪ್ಲಗ್ ಹಾಕಿಕೊಟ್ಟೆ. ಬ್ಯಾಟರಿ ಜಗಲಿ ಬಿಟ್ಟು ಎದ್ದಿತು. ಖುಷಿಯಾಗಿ ಕಾಕಾ, "ಬರ್ರಿ, ಒಂದು ಸುತ್ತು ಹೋಗೂಣು" ಅಂದ್ರು. ಹಿಂದಿನ ದಿನದಿಂದ ಕರೆಂಟ್ ಇರಲಿಲ್ಲ, ಬ್ಯಾಟರಿ ಅರ್ಧಕ್ಕಿಂತ ಕಡಿಮಿ ಇತ್ತು. ದೋಣ್ಯಾಗ ನೋಡಿದ್ರ ಒಂದು ಬುಟ್ಟಿ ತುಂಬ ಓಣಿಯವರ ಮೊಬೈಲ್, ಎಲ್ಲಾ ಅದ ಬ್ಯಾಟರಿಗೆ ಚಾರ್ಜಿಗಿಟ್ಟಿದ್ರು.

"ಇದೇನ್ ಕಾಕಾ?"

"ಕೇಳಿಕೋತ ಬರತಾರ್ರಿ. ಇಲ್ಲ ಅನ್ನಾಕ ಆಗತೈತೇನು?"

ನಡುಹೊಳ್ಯಾಗ ಮೋಟಾರ್ ನಿಂತಿತು. "ಹುಟ್ಟು ಎಲ್ಲೈತಿ?" ಅಂತ ಕೇಳಿದೆ. "ಮನ್ಯಾಗ" ಅಂದ್ರು. ಅಷ್ಟರಾಗ ಬುಟ್ಟ್ಯಾಗ ಒಂದು ಮೊಬೈಲ್ ಹೊಡಕೊಂಡಿತು. ಅದು ಕಾಕೂನ ಮೊಬೈಲ್, ಬಾಜೂ ಮನೀಯವರ ಫೋನಿಂದ ಕಾಕೂನ ಮಾಡಿದ್ರು. ಕಾಕಾ ಎತ್ತಿ ಸ್ಪೀಕರ್ ಹಚ್ಚಿದ್ರು.

"ನನ್ನ ಮೊಬೈಲ್ ಚಾರ್ಜ್ ಆತೇನ್ರಿ?"

"ಅದು ಆಗೇತಿ, ದೋಣೀದು ಮುಗದೈತಿ. ಯಾರ ಕೈಲಾದ್ರೂ ಹುಟ್ಟು ಕಳಸ."

"ಅದನ್ನ ಒಲಿಗೆ ಹಾಕೀನಿ. ಇದ್ರ ಮತ್ತ ಭುಜ ಕಳಕೋತೀರಿ. ಬ್ಯಾಟರಿ ಕೈ ಕೊಡೂದಿಲ್ಲ ಅಂತ ಆ ಸಾಹೇಬ್ರು ಹೇಳ್ಯಾರಲ್ಲ."

ಆ ಸಾಹೇಬ ನಾನ. ಕಾಕಾ ಬಲಗೈ ನೀರಿಗೆ ಹಾಕಾಕ ಹೋದ್ರು, ನಾ ಬಿಡಲಿಲ್ಲ. ನನ್ನ ಬುತ್ತಿ ಡಬ್ಬಿ ಮುಚ್ಚಳ ತಗೊಂಡು ನಾನ ನೀರ ತಳ್ಳಿಕೋತ ದಂಡಿ ಮುಟ್ಟಿಸಿದೆ. ಕಾಕಾ ಕುಂತಲ್ಲೇ "ಸ್ವಲ್ಪ ಎಡಕ್ಕ ರೀ" ಅಂತ ದಾರಿ ತೋರಿಸಿದ್ರು.

ಮರುದಿನ ನನ್ನ ಭುಜ ಎತ್ತಾಕ ಬರವಲ್ದು. ಕಾಕಾನ ಭುಜ ನೋಡಿದ್ದ ಡಾಕ್ಟರ್ ಕಡೇನ ಹೋದೆ. ಒತ್ತಿ ನೋಡಿ, "ಹುಟ್ಟು ಹಾಕತೀರೇನು?" ಅಂದ್ರು. ಏನ ಹೇಳಲಿ, ಹೂಂ ಅಂದೆ.

"ಬಿಟ್ಟಬಿಡ್ರಿ. ಹೊಳಿ ದಂಡ್ಯಾಗ ನಮ್ಮ ಪೇಶಂಟ್ ಒಬ್ಬ ಅದಾನ, ದೋಣಿಗೆ ಬ್ಯಾಟರಿ ಕುಂದರಿಸ್ಯಾನ, ಭುಜ ಪೂರಾ ಆರಾಮ. ಬೆಳಗಾವಿಂದ ಯಾರೋ ಬಂದು ಹಾಕಿಕೊಡತಾರಂತ. ಅವರನ್ನ ಒಮ್ಮೆ ಭೆಟ್ಟಿ ಆಗ್ರಿ."