ಹಿಂದ್ಗಡೆ ಬ್ಯಾಕಪ್

ವರ್ಷವಿಡೀ ಬೆನ್ನು ಸುಡುವ ಬಿಸಿಲಿಗೆ ಆ ವಾರವೇ ರಜೆ ಬೇಕಾಗಿತ್ತು. ಗೌಡಗೆರೆ ಕಡೆಯ ಒಂದು ಸರ್ಕಾರಿ ಹಾಸ್ಟೆಲಿನ ವಾರ್ಡನ್ ಭೀಮರಾಜು ಬೆಳಗ್ಗೆ ತಾರಸಿ ಹತ್ತಿದಾಗ ಮೂರನೇ ದಿನವೂ ಮೋಡ ಕವಿದುಕೊಂಡೇ ಇತ್ತು. ಹೊಸ ಸೋಲಾರ್ ಹೀಟರಿನ ನಲ್ಲಿ ತಿರುಗಿಸಿದರೆ ಕೈ ಮರಗಟ್ಟುವಂಥ ನೀರು.

ಹೀಟರನ್ನು ಆರಿಸಿದವನು ಅವನೇ. ಹಾಸ್ಟೆಲುಗಳಿಗೆ ಇನ್ನು ಪರಿಸರಸ್ನೇಹಿ ಹೀಟರನ್ನೇ ಕೊಳ್ಳಬೇಕೆಂದು ಸುತ್ತೋಲೆ ಬಂದಾಗ, ಮೋಡದ ದಿನಕ್ಕಿರಲಿ, ಒಳಗೊಂದು ಕರೆಂಟಿನ ಕಾಯಿಲ್ ಹಾಕಿಸಿಕೊಳ್ಳಿ ಎಂದು ಅಂಗಡಿಯವನು ಬಡಕೊಂಡಿದ್ದ. ಕರೆಂಟು ಉರಿಸುವುದಾದರೆ ಅದೆಂಥ ಪರಿಸರವಯ್ಯಾ ಎಂದು ಭೀಮರಾಜು ಅವನಿಗೇ ಪಾಠ ಹೇಳಿ ಕಳಿಸಿದ್ದ. ಈಗ ಹತ್ತು ಗಂಟೆಗೆ ಹೀಟರ್ ನೋಡಲು ಜಿಲ್ಲೆಯ ಅಧಿಕಾರಿ ಜಯರಾಮಯ್ಯ ಬರುವವರಿದ್ದರು.

ಅಷ್ಟರಲ್ಲಿ ಶಿರಾ ಆಫೀಸಿನ ಗುಮಾಸ್ತ ರೇಣುಕಪ್ರಸಾದನ ಫೋನು. ಪರರ ಕೆಟ್ಟ ಸುದ್ದಿ ಹೇಳದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ. "ಸಾಹೇಬ್ರು ನಿನ್ ಟ್ರಾನ್ಸ್‌ಫರ್ ಆರ್ಡರ್ ಟೈಪ್ ಮಾಡಿಸ್ಕೊಂಡು ಬತ್ತಾವ್ರೆ ಕಣಪ್ಪ. ನೀರು ತಣ್ಣಗಿದ್ರೆ ಅಲ್ಲೇ ಕೈಗೆ ಕೊಟ್ಬುಡ್ತಾರಂತೆ. ಊರು ಯಾವ್ದೋ ಕಾಣ್ಲಿಲ್ಲ, ಪಾವಗಡದ ಆಚೆ ತುದಿ ಇರ್ಬೇಕು."

ಭೀಮರಾಜುವಿನ ಹೆಂಡತಿ ಸುನಿತಾ ಮಧುಗಿರಿಯಲ್ಲಿ ಟೀಚರು. ನಾಲ್ಕು ವರ್ಷದಿಂದ ಅವನು ಮಧುಗಿರಿಗೆ ಅರ್ಜಿ ಹಾಕುತ್ತಲೇ ಇದ್ದ; ಅವು ಯಾವ ಗುಮಾಸ್ತರ ಮೇಜಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವೋ, ಒಂದಕ್ಕೂ ಉತ್ತರ ಬಂದಿರಲಿಲ್ಲ. ಸಂಸಾರವೆಲ್ಲ ಭಾನುವಾರಕ್ಕೆ ಬಂದು ನಿಂತಿತ್ತು. ಆಂಧ್ರದ ಗಡಿಗೆ ಎಸೆದರೆ ಆ ಭಾನುವಾರವೂ ಬಸ್ಸಿನಲ್ಲೇ ಕಳೆಯಬೇಕು.

ಅಡುಗೆಯ ರಾಮಾಂಜಿನಮ್ಮ ಧೈರ್ಯ ಹೇಳಿದಳು. ಹರಾಜಿಗೆಂದು ಬಿಟ್ಟಿದ್ದ ಹಳೇ ಹಂಡೆ ಇನ್ನೂ ಹಿತ್ತಲಿನ ಒಲೆಯ ಮೇಲೇ ಇತ್ತು, ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆಯ ಮೂಟೆಗಳು. "ಹಂಡೇಲಿ ಕಾಯ್ಸಿ ಮ್ಯಾಲಿನ ಟ್ಯಾಂಕಿಗೆ ಸುರಿಯಾನ ಬುಡಿ ಸಾರ್, ಯಾರಿಗ್ ಗೊತ್ತಾಯ್ತದೆ?"

ಹೀಟರಿನ ಟ್ಯಾಂಕು ಖಾಲಿ ಮಾಡಿದರು, ಸಿಪ್ಪೆಗೆ ಬೆಂಕಿ ಕೊಟ್ಟರು. ನೀರು ಗುಳುಗುಟ್ಟುವ ಹೊತ್ತಿಗೆ, ಹೊಗೆ ಕಂಡ ಪಕ್ಕದ ಪಂಕ್ಚರ್ ಅಂಗಡಿಯ ಇಮಾಮ್ ಸಾಬ್ ಹಾಸ್ಟೆಲಿಗೆ ಬೆಂಕಿ ಬಿತ್ತೆಂದು ಓಡಿ ಬಂದು ಎರಡು ಬಕೆಟ್ ನೀರು ಒಲೆಗೇ ಎರಚಿದರು. ಸಂಗತಿ ತಿಳಿದ ಮೇಲೆ ಪಾಪ, ತಾವೇ ಒಲೆ ಊದಿ, ತಾವೇ ಬಕೆಟ್ ಹೊತ್ತರು. ಟ್ಯಾಂಕಿನ ಗಾಳಿ ಕೊಳವೆಗೆ ಲಾಳಿಕೆ ಇಟ್ಟು ಸುರಿದಿದ್ದೇ ಸುರಿದಿದ್ದು. ಭೀಮರಾಜು ಎರಡು ಸಲ ಮೆಟ್ಟಿಲಲ್ಲಿ ಜಾರಿ, ಇದ್ದ ಒಂದು ಇಸ್ತ್ರಿ ಪ್ಯಾಂಟನ್ನೂ ನೆನೆಸಿಕೊಂಡ.

ಹತ್ತಕ್ಕೆ ಸರಿಯಾಗಿ ಜೀಪು ಬಂತು. ಜಯರಾಮಯ್ಯ ನಲ್ಲಿಗೆ ಕೈ ಒಡ್ಡಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಆಕಾಶ ನೋಡಿದರು, ಮತ್ತೆ ನಲ್ಲಿ ನೋಡಿದರು.

"ಮೂರು ದಿನದಿಂದ ಮೋಡ. ಕಾಯಿಲ್ ಬೇಡ ಅಂತ ನೀವೇ ಬರೆದಿದ್ದೀರಿ. ಮತ್ತೆ ಬ್ಯಾಕಪ್ ಎಲ್ಲಿದೆ?"

ರಾಮಾಂಜಿನಮ್ಮನಿಗೆ ಗೊತ್ತಿದ್ದುದು ಬಸ್ ಕಂಡಕ್ಟರ್ ಕೂಗುವ 'ಬ್ಯಾಕ್' ಒಂದೇ. ಭೀಮರಾಜು ಬಾಯಿ ತೆರೆಯುವಷ್ಟರಲ್ಲಿ ಅವಳು, "ಹಿಂದ್ಗಡೆ ಐತೆ ಬನ್ನಿ ಸಾರ್," ಎಂದು ಸಾಹೇಬರನ್ನು ನೇರ ಹಿತ್ತಲಿಗೇ ಕರೆದುಕೊಂಡು ಹೋದಳು.

ಹಂಡೆ ಇನ್ನೂ ಕುದಿಯುತ್ತಿತ್ತು. ಜಯರಾಮಯ್ಯ ಒಂದು ಹಿಡಿ ಸಿಪ್ಪೆ ಎತ್ತಿ ಮೂಸಿದರು. ಭೀಮರಾಜು ಪಾವಗಡದ ಬಸ್ಸಿನ ಟೈಮು ನೆನಪು ಮಾಡಿಕೊಳ್ಳುತ್ತಿದ್ದ.

"ಸೌದೆ ಇಲ್ಲ, ಕರೆಂಟಿಲ್ಲ, ಹೊಲದ ಕಸದಲ್ಲೇ ಬಿಸಿನೀರು," ಎಂದರು ಸಾಹೇಬರು. "ಇದಕ್ಕಿಂತ ಪರಿಸರಸ್ನೇಹಿ ಇನ್ನೇನ್ರಿ ಬೇಕು? ಇದನ್ನೇ ಎಲ್ಲಾ ಹಾಸ್ಟೆಲಿಗೂ ಮಾಡಿಸ್ತೀನಿ." ಬ್ಯಾಗಿನಿಂದ ಒಂದು ಕಾಗದ ತೆಗೆದು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದರು. ಭೀಮರಾಜುವಿಗೆ ಸಂತೋಷಕ್ಕೆ ಕಣ್ಣೀರೇ ಬಂತು. ಬಗ್ಗಿ ಅವರ ಕಾಲು ಮುಟ್ಟಿದ.

"ಮಧುಗಿರಿಗೆ ಹೋಗೋಕೆ ಯಾವ ವಾರ್ಡನ್ನೂ ಒಪ್ತಿಲ್ಲ. ನೀರು ತಣ್ಣಗಿದ್ದಿದ್ರೆ ಶಿಕ್ಷೆ ಅಂತ ನಿಮ್ಮನ್ನೇ ಅಲ್ಲಿಗೆ ಹಾಕೋನಿದ್ದೆ," ಎಂದು ಸಾಹೇಬರು ಬೆನ್ನು ತಟ್ಟಿದರು. "ಇನ್ನು ಹೆದರಬೇಡಿ. ನಾನಿರೋವರೆಗೂ ನಿಮ್ಮನ್ನ ಇಲ್ಲಿಂದ ಯಾರೂ ಕದಲಿಸಲ್ಲ."

ಜೀಪು ಹೊರಟ ಮೇಲೆ ಬಿಸಿಲು ಚೆನ್ನಾಗಿ ಬಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಸುನಿತಾ ಫೋನು ಮಾಡಿ, ನೀರು ಬಿಸಿ ಬಂತೇನ್ರೀ ಎಂದು ಕೇಳಿದಳು.

ಭೀಮರಾಜು ಒಲೆಯ ಬೂದಿ ಕೆದಕುತ್ತ ಕೂತಿದ್ದ.

"ಬಂತು ಕಣೆ," ಎಂದ. "ಹಾಳಾದ್ದು, ಚೆನ್ನಾಗೇ ಬಂತು."