ಚೀಟಿ ಎತ್ತುವ ನೀಲಿ ಬಕೆಟ್ಟಿನವರಿಗೆ, ಗೆದ್ದು ಕೆಟ್ಟವನ ಅಹವಾಲು

ಹಾಂಕಾ ಸರೋವರ ಮೋಟಾರು ಸಂಘದ ಆಫೀಸಿನಲ್ಲಿ, ಕಾಫಿ ಫ್ಲಾಸ್ಕಿನ ಎಡಗಡೆ, ಕಿಟಕಿಯ ಕಟ್ಟೆಯ ಮೇಲೆ ವಿರಾಜಮಾನರಾಗಿರುವ ನೀಲಿ ಬಕೆಟ್ಟಿನವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ತಮ್ಮ ಹಿಡಿಕೆಗೆ, ಆಮೇಲೆ ತಮ್ಮ ತಳಕ್ಕೆ, ಕೊನೆಗೆ ಕಳೆದ ವರ್ಷ ಬಿರುಕು ಬಿಟ್ಟು ಈಗ ಅಂಟುಪಟ್ಟಿ ಸುತ್ತಿಸಿಕೊಂಡಿರುವ ತಮ್ಮ ಅಂಚಿಗೆ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಲ್ಲ, ಅದಕ್ಕೆ ಕಾರಣ ತಾವೇ, ಆದ್ದರಿಂದ ಈ ಪತ್ರ. ತಾವು ಪ್ಲಾಸ್ಟಿಕ್ಕಿನವರು, ಓದಲಾರಿರಿ ಎಂದು ಸಂಘದ ಕಾರ್ಯದರ್ಶಿ ಲೆಂಪಿಯವರು ಎಚ್ಚರಿಸಿದರು. ಓದು ಬರಹ ಬಲ್ಲ ಅಧಿಕಾರಿಗಳಿಗೆ ನಾನು ಈವರೆಗೆ ಬರೆದ ಹನ್ನೆರಡು ಪತ್ರಗಳಲ್ಲಿ ಒಂದಕ್ಕೂ ಉತ್ತರ ಬಂದಿಲ್ಲವಾದ್ದರಿಂದ ಆ ಒಂದು ಕೊರತೆ ತಮ್ಮನ್ನು ಅವರಿಗಿಂತ ಕೀಳು ಮಾಡುವುದಿಲ್ಲ. ನಾಲ್ಕು ಜನ ಓದಲಿ ಎಂದು ಇದನ್ನು ಸಂಘದ ಸೂಚನಾ ಫಲಕಕ್ಕೇ ಅಂಟಿಸುತ್ತಿದ್ದೇನೆ.

ತಮ್ಮ ಪೂರ್ವಾಶ್ರಮ ನನಗೆ ತಿಳಿಯದ್ದೇನಲ್ಲ. ಲೆಂಪಿಯವರ ಅಮ್ಮ ಬ್ಲೂಬೆರಿ ಹೆಕ್ಕಲು ಕಾಡಿಗೆ ಹೋಗುವಾಗ ತಾವು ಅವರ ತೋಳಿನಲ್ಲಿ ಜೋತಾಡುತ್ತಿದ್ದಿರಿ, ಹೆಚ್ಚೆಂದರೆ ಸೊಳ್ಳೆಗಳು ತಮ್ಮನ್ನು ಮುತ್ತುತ್ತಿದ್ದವು. ಈಗ ನಲವತ್ತು ಮಂದಿ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು ತಮ್ಮನ್ನು ಮುತ್ತುತ್ತಾರೆ. ಇಂಥ ಬಡ್ತಿ ನಮ್ಮ ಪುರಸಭೆಯಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿರುವ ನನಗಂತೂ ಸಿಕ್ಕಿಲ್ಲ.

ನಮ್ಮ ಆಟದ ಧರ್ಮ ತಮಗೆ ಗೊತ್ತಿರುವುದೇ. ಫಲಕದ ಮುಂದೆ ನಿಂತು ಓದುತ್ತಿರುವ ಹೊಸಬರ ಸಲುವಾಗಿ ಹೇಳುತ್ತೇನೆ. ಗಂಡಸರ ಕೊನೆಯ ಸುತ್ತು ಮುಗಿದ ಮೇಲೆ ಒಂದು ಗಂಟೆಯ ಕಾಲ, ಸರೋವರದ ಮಂಜುಗಡ್ಡೆಯ ಮೇಲೆ ನಿಂತ ಪ್ರತಿಯೊಂದು ಕಾರೂ ಮಾರಾಟಕ್ಕಿದೆ. ಎಲ್ಲಕ್ಕೂ ಬೆಲೆ ಒಂದೇ, ಗುಜರಿಗಿಂತ ಸ್ವಲ್ಪ ಮೇಲೆ, ಮದುವೆ ಸೂಟಿಗಿಂತ ಸ್ವಲ್ಪ ಕೆಳಗೆ. ಅಂದು ರೇಸಿನಲ್ಲಿ ಓಡಿಸಿದ ಯಾರು ಬೇಕಾದರೂ ಬೇರೆ ಯಾರ ಕಾರಿಗೆ ಬೇಕಾದರೂ ಚೀಟಿ ಹಾಕಬಹುದು, ಒಂದೇ ಕಾರಿಗೆ ಹಲವು ಚೀಟಿ ಬಿದ್ದರೆ ತಾವು ತೀರ್ಪು ಕೊಡುತ್ತೀರಿ, ಕಾರು ಕೊಡುವುದಿಲ್ಲ ಎಂದವನ ರೇಸಿನ ಲೈಸೆನ್ಸು ರದ್ದು. ಹೀಗಾಗಿ ಇಲ್ಲಿ ಯಾರೂ ಕಾರಿಗೆ ಚಿನ್ನದ ಗೆಜ್ಜೆ ಕಟ್ಟಲು ಹೋಗುವುದಿಲ್ಲ, ಗರಗಸದ ಮಿಲ್ಲಿನ ಯಜಮಾನನೂ ಶಾಲೆಯ ಜವಾನನೂ ಒಂದೇ ಥರದ ತುಕ್ಕಿನಲ್ಲಿ ಕೂತು ಜಾರುತ್ತಾರೆ. ಇಂಥ ಸಮಾನತೆಯನ್ನು ನಾನು ಹೃತ್ಪೂರ್ವಕವಾಗಿ ಬೆಂಬಲಿಸುತ್ತೇನೆ, ಬೇರೆಯವರ ಕಾರಿನ ವಿಷಯದಲ್ಲಿ.

ನನ್ನ ಕಾರಿನ ಹೆಸರು ಮನ್ಸಿಕ್ಕಿ. ನಮ್ಮಲ್ಲಿ ಹಸುವಿಗೆ ಇಡುವ ಹೆಸರು ಅದು. ಕಂದು ಮೈಗೆ ಬೇರೆಲ್ಲಿಂದಲೋ ತಂದ ಎರಡು ಬಿಳಿ ಬಾಗಿಲು ಕೂರಿಸಿದ್ದರಿಂದ ಮಗಳು ಸೈಮಿ ಹಾಗೆ ಕರೆದಳು. ಸೈಮಿ ಪಟ್ಟಣದ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಬಾಯಿಗೆ ಕನ್ನಡಿ ಹಾಕಿ ಹುಳುಕು ಹುಡುಕುವ ಕೈ ಅವಳದು, ಎಂಜಿನ್ನಿನ ಸಂದಿಗೆ ಬಿದ್ದ ಸ್ಕ್ರೂ ಅವಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಏಳು ವರ್ಷದ ಹಿಂದೆ ಇವಳ ತಾಯಿ, ಟ್ಯಾಂಗೊ ಕುಣಿತ ಕಲಿಸುವ ಮಹನೀಯರೊಬ್ಬರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಔಲು ಪಟ್ಟಣಕ್ಕೆ ಹೊರಟುಹೋದಾಗ, ನಾನು ಸಿಟ್ಟಿನ ಭರದಲ್ಲಿ ಮಗಳಿಗೆ "ನೀನೂ ಅವಳ ಥರಾನೇ" ಎಂದುಬಿಟ್ಟೆ. ಆಡಿದ ಮಾತು ಒಡೆದ ಮುತ್ತು. ನಾಲ್ಕು ವರ್ಷ ಅವಳು ನನ್ನ ಹೊಸ್ತಿಲು ತುಳಿಯಲಿಲ್ಲ. ಗುಜರಿಯಿಂದ ಈ ಕಾರು ತಂದ ಸುದ್ದಿ ಅದು ಹೇಗೋ ಅವಳ ಕಿವಿಗೆ ಬಿದ್ದು, ಒಂದು ಮಂಗಳವಾರ ಸಂಜೆ ಆರಕ್ಕೆ ಬಂದು, ನನ್ನ ಮುಖ ನೋಡದೆ ಬಾನೆಟ್ ಎತ್ತಿ, "ಇದನ್ನ ಯಾರು ಇಷ್ಟು ಹಾಳು ಮಾಡಿದ್ದು?" ಅಂದಳು. ಅಂದಿನಿಂದ ಮೂರು ಚಳಿಗಾಲ, ಒಂದು ಮಂಗಳವಾರವೂ ತಪ್ಪಲಿಲ್ಲ. ನಾವಿಬ್ಬರೂ ಆಡಿದ ಮಾತೆಂದರೆ "ಹದಿಮೂರರ ಸ್ಪಾನರ್ ಕೊಡು", "ಲೈಟ್ ಹಿಡಿ", "ಅಲ್ಲಲ್ಲ, ಆ ಕಡೆ" ಇಷ್ಟೇ. ನಮ್ಮ ಮನೆತನದ ಮಟ್ಟಿಗೆ ಅದು ಭಾಷಣ. ಕಾರು ಹೋದರೆ ಮಂಗಳವಾರವೂ ಹೋಗುತ್ತದೆ ಎಂಬ ಒಂದೇ ಭಯದಲ್ಲಿ ನಾನು ಬದುಕಿದೆ.

ಆದಕಾರಣ ನಾನು ಸೋಲುವ ವಿದ್ಯೆ ಕಲಿತೆ. ಅದು ಕಂಡಷ್ಟು ಸುಲಭವಲ್ಲ. ಆರು ಕಾರಿನ ಸುತ್ತಿನಲ್ಲಿ ಕೊನೆಯವನಾದರೆ ಮಂದಿಗೆ ಕನಿಕರ ಬಂದು ಬಾನೆಟ್ ಎತ್ತಿ ನೋಡುತ್ತಾರೆ, ಮೂರನೆಯವನಾದರೆ ಆಸೆ ಹುಟ್ಟುತ್ತದೆ, ನಾಲ್ಕನೆಯವನನ್ನು ಮಾತ್ರ ಯಾರೂ ನೋಡುವುದಿಲ್ಲ. ಮೂರು ಚಳಿಗಾಲ ನಾನು ನಾಲ್ಕನೆಯವನಾಗಿಯೇ ಬಂದೆ. ಸೈಲೆನ್ಸರಿನೊಳಗೆ ಎಣ್ಣೆ ಸವರಿ ಹೊಗೆ ಎಬ್ಬಿಸಿದೆ, ಬಟಾಣಿ ಸೂಪಿನ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ "ಗೇರ್‌ಬಾಕ್ಸ್ ಮುಗೀತು ಕಣಯ್ಯಾ, ಮುಂದಿನ ವಾರ ಗುಜರಿಗೇ" ಎಂದು ನಿಟ್ಟುಸಿರು ಬಿಟ್ಟೆ. ಮನ್ಸಿಕ್ಕಿಗೆ ಒಂದು ಚೀಟಿಯೂ ಬೀಳಲಿಲ್ಲ. ಸೈಮಿ ಮಾತ್ರ ಪ್ರತಿ ಸಲವೂ "ಚೆನ್ನಾಗೇ ಹೋಗ್ತಿತ್ತಲ್ಲ, ಕೊನೇ ಸುತ್ತಲ್ಲಿ ಕಾಲು ಯಾಕೆ ತೆಗೆದೆ?" ಎಂದು ಕೇಳುತ್ತಿದ್ದಳು, ನಾನು ಮಂಜುಗಡ್ಡೆಯ ಮೇಲೆ ತಪ್ಪು ಹೊರಿಸುತ್ತಿದ್ದೆ.

ಫೆಬ್ರುವರಿಯ ರೇಸಿನಲ್ಲಿ ನನ್ನ ಪಕ್ಕದ ಗೆರೆಯ ಮೇಲೆ ನಿಂತವನು ತಾರ್ಮೊ ಹುರ್ಕಸ್, ಮೇಲೆ ಹೇಳಿದ ಗರಗಸದ ಮಿಲ್ಲಿನ ಯಜಮಾನ. ಹಸಿರು ಬಾವುಟ ಬೀಳುವ ಮೊದಲು ಅವನು ಕಿಟಕಿಯಿಂದ ತಲೆ ಹೊರಹಾಕಿ, "ಏನ್ ತೈಸ್ತೊ, ಇವತ್ತೂ ನಾಲ್ಕನೇ ಜಾಗಕ್ಕೆ ಟವೆಲ್ ಹಾಕಿದ್ಯಾ? ನಿಮ್ಮನೇಲಿ ಸ್ಪೀಡಾಗಿ ಹೋದೋಳು ಒಬ್ಬಳೇ ಬಿಡು ಮಾರಾಯ, ಅದೂ ಔಲುಗೆ!" ಎಂದ. ಮಾನ್ಯರೇ, ನಾನು ನನ್ನ ಬಲಗಾಲಿಗೆ ಬುದ್ಧಿ ಹೇಳಿದೆ, ಮಂಗಳವಾರದ ನೆನಪು ಮಾಡಿದೆ, ಅದು ಕೇಳಲಿಲ್ಲ. ಮನ್ಸಿಕ್ಕಿ ಮೊದಲ ತಿರುವಿನಲ್ಲೇ ಬಾಲ ಬೀಸಿ ಇಬ್ಬರನ್ನು ಹಿಮದ ದಿಬ್ಬಕ್ಕೆ ತಳ್ಳಿದಳು, ದಡದ ಬರ್ಚ್ ಮರಗಳ ಕಡೆಯ ತಿರುವಿನಲ್ಲಿ ಅಡ್ಡಡ್ಡಲಾಗಿ ಜಾರುತ್ತ ತಾರ್ಮೊನ ಮೂಗಿನ ಮುಂದೆಯೇ ಹಾದಳು, ಗೆರೆ ದಾಟುವಾಗ ನಮ್ಮ ಹಿಂದೆ ನಾಲ್ಕು ಕಾರಿನಷ್ಟು ಖಾಲಿ ಜಾಗ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಸೈಮಿ ಓಡಿಬಂದು ಏಳು ವರ್ಷದಲ್ಲಿ ಮೊದಲ ಸಲ ನನ್ನನ್ನು ತಬ್ಬಿಕೊಂಡಳು, ಹೆಲ್ಮೆಟ್ಟಿನ ಸಮೇತ. ಅವಳ ಭುಜದಾಚೆ ನೋಡಿದರೆ ತಮ್ಮ ಕಡೆಗೆ ಚೀಟಿ ಹಿಡಿದವರ ಸಾಲು ಬೆಳೆಯುತ್ತಿತ್ತು.

ಇನ್ನು ತಮ್ಮ ಘನಕಾರ್ಯಕ್ಕೆ ಬರುತ್ತೇನೆ. ಅಂದು ತಮ್ಮ ಹೊಟ್ಟೆಯಲ್ಲಿ ಮನ್ಸಿಕ್ಕಿಗಾಗಿ ಹನ್ನೊಂದು ಚೀಟಿಗಳಿದ್ದವು. ಹಾಕಿದವರಲ್ಲಿ ಹತ್ತು ಮಂದಿ ಸಜ್ಜನರು, ಇಬ್ಬರು ನನ್ನ ಜೊತೆ ಸೌನಾದ ಹಬೆಕೋಣೆಯಲ್ಲಿ ಬೆವರಿದವರು, ಒಬ್ಬನಂತೂ ಮರುದಿನವೇ ಕಾರು ಮರಳಿಸುವೆನೆಂದು ಕಿವಿಯಲ್ಲಿ ಮಾತು ಕೊಟ್ಟಿದ್ದವನು. ಇಷ್ಟು ಜನರ ನಡುವೆ ಹುಡುಕಿ ಹುಡುಕಿ, ಕಣ್ಣು ಮುಚ್ಚಿಕೊಂಡ ಲೆಂಪಿಯವರ ಬೆರಳಿಗೆ ತಾವು ಸಿಕ್ಕಿಸಿದ್ದು ತಾರ್ಮೊನ ಚೀಟಿಯನ್ನು. ಇಡೀ ಫಿನ್ಲೆಂಡಿನಲ್ಲಿ ತಮ್ಮಷ್ಟು ನಿಷ್ಪಕ್ಷಪಾತಿಗಳಿಲ್ಲ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ತಾರ್ಮೊ ನನ್ನ ಬೆನ್ನು ಸವರಿ "ಅಳಬೇಡ ಮಾರಾಯ, ಹಸೂನ ಚೆನ್ನಾಗಿ ನೋಡ್ಕೋತೀನಿ" ಅಂದ. ಅವನು ನೋಡಿಕೊಂಡ ಪರಿ ಏನೆಂದರೆ, ಒಂದೇ ವಾರದಲ್ಲಿ ಅವಳ ಬಿಳಿ ಬಾಗಿಲುಗಳ ಮೇಲೆ ತನ್ನ ಮಿಲ್ಲಿನ ಫೋನ್ ನಂಬರು ಬರೆಸಿದ.

ಮುಂದಿನ ಮಂಗಳವಾರ ಸೈಮಿ ಬಂದಳು. ಖಾಲಿ ಗ್ಯಾರೇಜಿನಲ್ಲಿ ಎಣ್ಣೆಯ ಕಲೆಯ ಆಚೀಚೆ ಎರಡು ಸ್ಟೂಲು ಹಾಕಿಕೊಂಡು ಕೂತೆವು. ಕಾಫಿ ಕುಡಿದೆವು, ಏಲಕ್ಕಿ ಬನ್ನು ತಿಂದೆವು. "ಚಳಿ ಜೋರು" ಅಂದೆ. "ಹೂಂ" ಅಂದಳು. ಕೈಗೆ ಕೆಲಸವಿಲ್ಲದೆ ಕೂತ ಇಬ್ಬರ ನಡುವೆ ಆ ಹಳೆಯ ಮಾತು ಬಂದು ಮೂರನೆಯ ಸ್ಟೂಲಿನ ಮೇಲೆ ಕೂತಂತಿತ್ತು. ಅರ್ಧ ಗಂಟೆಯಲ್ಲಿ ಎದ್ದುಹೋದಳು. ಅದರ ಮುಂದಿನ ವಾರ ಫೋನ್ ಮಾಡಿ "ಅಪ್ಪ, ಇವತ್ತು ಬರೋಕಾಗಲ್ಲ, ಸಂಜೆ ಒಂದು ಕೆಲಸ ಇದೆ" ಅಂದಳು, ಅದರ ಮುಂದಿನ ವಾರವೂ ಅದೇ ಕೆಲಸ. ಮಾನ್ಯರೇ, ತಮಾಷೆ ಪಕ್ಕಕ್ಕಿಟ್ಟು ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಹೆಂಡತಿ ಹೋದಾಗ ಸಿಟ್ಟು ಬಂದಿತ್ತು, ಇದಕ್ಕೆ ಸಿಟ್ಟೂ ಬರಲಿಲ್ಲ. ಆರು ಗಂಟೆಗೆ ಗ್ಯಾರೇಜಿನ ದೀಪ ಹಾಕುತ್ತಿದ್ದೆ, ಏಳಕ್ಕೆ ಆರಿಸುತ್ತಿದ್ದೆ.

ಮಾರ್ಚಿನಲ್ಲಿ ಮಂಜುಗಡ್ಡೆ ಮೆತ್ತಗಾಗುವ ಮುಂಚಿನ ಕೊನೆಯ ರೇಸು ಬಂತು. ಮನ್ಸಿಕ್ಕಿಗೆ ಚೀಟಿ ಹಾಕಬೇಕಾದರೆ ನಾನೂ ಅಂದು ಏನನ್ನಾದರೂ ಓಡಿಸಲೇಬೇಕಿತ್ತು. ಪಕ್ಕದ ಮನೆಯವರಿಂದ ಎರಡೇ ಗೇರು ಬೀಳುವ ಒಂದು ವಾಹನ ಬೇಡಿ ತಂದು ಆರರಲ್ಲಿ ಆರನೆಯವನಾಗಿ ಬಂದೆ. ಮೂರು ವರ್ಷ ಬೆವರು ಸುರಿಸಿ ಸಂಪಾದಿಸುತ್ತಿದ್ದ ಸೋಲು ಅಂದು ಪುಕ್ಕಟೆ ಸಿಕ್ಕಿತು. ತಾರ್ಮೊ ಮನ್ಸಿಕ್ಕಿಯಲ್ಲಿ ಕೂತು ಗೆದ್ದ, ಪುಣ್ಯಾತ್ಮನಿಗೆ ಸೋಲುವ ಬುದ್ಧಿವಂತಿಕೆ ಇಲ್ಲ. ನಾನು ಚೀಟಿ ಹಾಕಿ, ಮಹಿಳೆಯರ ಸುತ್ತು ಶುರುವಾದ ಕೂಡಲೇ ಎಂದಿನಂತೆ ಸಾಸೇಜಿನ ಅಂಗಡಿಗೆ ಹೋದೆ, ಏಕೆಂದರೆ ಆ ಹೊತ್ತಿಗೆ ಸಾಲು ಚಿಕ್ಕದಿರುತ್ತದೆ. ಬೆನ್ನ ಹಿಂದೆ ಜನ ಕೂಗಿ ಕಿರುಚುತ್ತಿದ್ದರು. ನಾನು ಸಾಸಿವೆ ಇನ್ನಷ್ಟು ಹಾಕಿಸಿಕೊಂಡೆ.

ಅಂದು ಒಂಬತ್ತು ಚೀಟಿ. ಲೆಂಪಿಯವರು ಒಂದನ್ನು ಎತ್ತಿ, ಬಿಡಿಸಿ, ನನ್ನ ಕಡೆ ನೋಡಿ "ರೌತಯೋಕಿ..." ಅಂದರು. ನಾನು ಸಾಸೇಜು ಎಸೆದು "ನಾನೇ! ನಾನೇ!" ಎಂದು ಕುಣಿದೆ. "ಪೂರ್ತಿ ಓದೋಕೆ ಬಿಡು ತೈಸ್ತೊ. ರೌತಯೋಕಿ, ಸೈಮಿ" ಅಂದರು. ತಿರುಗಿ ನೋಡಿದರೆ ಮಗಳು, ಕೆನ್ನೆ ಕೆಂಪಗೆ, ಕೂದಲು ಬೆವರಿಗೆ ಅಂಟಿಕೊಂಡು, ಕಂಕುಳಲ್ಲಿ ಹೆಲ್ಮೆಟ್ಟು. ಆ ಎರಡು ಮಂಗಳವಾರದ "ಕೆಲಸ" ಲೈಸೆನ್ಸಿನ ತರಬೇತಿಯಂತೆ. ಲೆಂಪಿಯವರದೇ ಕಾರು ಎರವಲು ಪಡೆದು ಮಹಿಳೆಯರ ಸುತ್ತಿನಲ್ಲಿ ಎರಡನೆಯವಳಾಗಿ ಬಂದಿದ್ದಳಂತೆ, ಊರಿಗೆಲ್ಲ ಗೊತ್ತಿತ್ತಂತೆ.

ನನ್ನ ಕಣ್ಣು ತುಂಬಿತು. "ನನಗೋಸ್ಕರ ಇಷ್ಟೆಲ್ಲ ಮಾಡಿದ್ಯಾ?" ಎಂದು ಕೇಳಿದೆ. "ನಿನಗ್ಯಾಕೆ? ನನಗೋಸ್ಕರ" ಅಂದಳು. "ಮೂರು ವರ್ಷ ನಟ್ಟು ಬಿಗಿದೋಳು ನಾನು, ಸ್ಟೀರಿಂಗ್ ಹಿಡ್ಕೊಂಡು ನಾಲ್ಕನೇದಾಗಿ ಬರ್ತಿದ್ದೋನು ನೀನು. ಒಂದು ದಿನ ಆದ್ರೂ 'ನೀನು ಓಡಿಸ್ತೀಯಾ ಸೈಮಿ' ಅಂತ ಕೇಳಿದ್ಯಾ ಅಪ್ಪ?" ಕೇಳಿರಲಿಲ್ಲ, ಮಾನ್ಯರೇ. ಅವಳಿಗೆ ಆಸೆಯಿರಬಹುದೆಂದು ನನಗೆ ಹೊಳೆದೂ ಇರಲಿಲ್ಲ. ತಾರ್ಮೊ ಬಿದ್ದು ಬಿದ್ದು ನಕ್ಕು, "ಇನ್ಮೇಲೆ ಲೈಟ್ ಹಿಡಿಯೋ ಡ್ಯೂಟಿ ನಿಂದು ಕಣಯ್ಯಾ!" ಅಂದ.

ಅವನ ಮಾತು ನಿಜವಾಯಿತು. ಸೈಮಿಯ ಫ್ಲಾಟಿನಲ್ಲಿ ಕಾರಿಗೆ ಜಾಗವಿಲ್ಲದ್ದರಿಂದ ಮನ್ಸಿಕ್ಕಿ ನನ್ನ ಗ್ಯಾರೇಜಿನಲ್ಲೇ ಇದ್ದಾಳೆ, ಆದರೆ ಯಜಮಾನಿಕೆ ಕೈಬದಲಾಗಿದೆ. ನನ್ನದೇ ಸೂರಿನ ಕೆಳಗೆ, ನನ್ನದೇ ಸ್ಪಾನರುಗಳನ್ನು, ಕೇಳಿದ ನಂಬರಿನದು ಕೇಳಿದ ಕ್ಷಣಕ್ಕೆ ಕೊಡುವ ಕೆಲಸ ನನ್ನದು. ಈ ಅನ್ಯಾಯಕ್ಕೆ ಪರಿಹಾರವಾಗಿ ತಾವು ಮುಂದಿನ ಚಳಿಗಾಲದಿಂದ ತಾರ್ಮೊನ ಚೀಟಿಯನ್ನು ವಾಸನೆಯಿಂದಲೇ ಗುರುತಿಸಿ ಉಗುಳಬೇಕೆಂದೂ, ಮನ್ಸಿಕ್ಕಿಯ ಹೆಸರಿನ ಚೀಟಿಗಳನ್ನು ಒಂದು ಗಂಟೆ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳದಂತೆ ನುಂಗಿಕೊಳ್ಳಬೇಕೆಂದೂ, ಅದಾಗದಿದ್ದರೆ ಒಂದು ಒಳ್ಳೆಯ ದಿನ ನೋಡಿ ರಾಜೀನಾಮೆ ಕೊಟ್ಟು ಬ್ಲೂಬೆರಿ ಕಾಡಿಗೆ ಮರಳಬೇಕೆಂದೂ ವಿನಂತಿಸಬೇಕೆಂದಿದ್ದೆ. ಏಕೆಂದರೆ ಸೈಮಿ ಗೆಲ್ಲುತ್ತಾಳೆ, ಗೆದ್ದರೆ ಚೀಟಿ ಬೀಳುತ್ತವೆ, ಬಿದ್ದರೆ ಮತ್ತೆ ನನಗೆ ಆ ಎರಡು ಸ್ಟೂಲು.

ಕಳೆದ ಮಂಗಳವಾರ ಅವಳಿಗೆ ನಾಲ್ಕನೆಯ ಸ್ಥಾನದ ಮಹಿಮೆಯನ್ನು ಬೋಲ್ಟುಗಳನ್ನು ಸಾಲಾಗಿ ಜೋಡಿಸಿ ತಿಳಿಸಿಕೊಟ್ಟೆ. ಕಾರಿನ ಕೆಳಗೆ ಮಲಗಿದ್ದ ಅವಳು ಎಲ್ಲ ಕೇಳಿಸಿಕೊಂಡು "ಗೆಲ್ಲೋಕೆ ಆಗುವಾಗ ಯಾಕೆ ಸೋಲ್ಬೇಕು?" ಅಂದಳು. ಮೂರು ವರ್ಷದ ಸುಳ್ಳು ಸಾಕಾಗಿತ್ತು, ಬಾಯಿಬಿಟ್ಟೆ. "ಗೆದ್ರೆ ಕಾರು ಹೋಗುತ್ತೆ. ಕಾರು ಹೋದ್ರೆ ನೀನು ಬರಲ್ಲ. ಅವತ್ತು ನಿನಗೆ ಹಾಗೆ ಅನ್ನಬಾರದಿತ್ತು." ಕಾರಿನಡಿಯಿಂದ ಎರಡು ಬೂಟು ಮಾತ್ರ ಕಾಣುತ್ತಿದ್ದವು. ಅಲ್ಲಿಂದಲೇ ದನಿ ಬಂತು. "ಹೋದ್ರೆ ಇನ್ನೊಂದು ಗುಜರಿ ತರೋಣ ಅಪ್ಪ. ನಾನೇನು ಕಾರು ನೋಡೋಕೆ ಬರ್ತಿದ್ನಾ? ಲೈಟ್ ನೆಟ್ಟಗೆ ಹಿಡಿ, ಅಲ್ಲಾಡ್ತಿದೆ."

ಆದ್ದರಿಂದ ಮಾನ್ಯರೇ, ಮೇಲಿನ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ದೂರನ್ನು ಮಾತ್ರ ಉಳಿಸಿಕೊಳ್ಳುತ್ತೇನೆ, ಅದಿಲ್ಲದೆ ಪತ್ರ ಮುಗಿಸುವ ಅಭ್ಯಾಸ ನನಗಿಲ್ಲ.

ಇಂತು ತಮ್ಮ ವಿಶ್ವಾಸಿ,
ತೈಸ್ತೊ ರೌತಯೋಕಿ
ಪುರಸಭೆಯ ಹಿಮದ ಲಾರಿಯ ಚಾಲಕ, ಮಂಗಳವಾರಗಳಂದು ಸಹಾಯಕ

ಮರೆತ ಮಾತು: ಮುಂದಿನ ಚಳಿಗಾಲದಲ್ಲಿ ಸೈಮಿ ಗೆದ್ದರೆ ಮನ್ಸಿಕ್ಕಿಗೆ ಮೊದಲ ಚೀಟಿ ಹಾಕುವವನು ನಾನೇ. ಮಗಳೆಂದು ಬಿಟ್ಟುಕೊಡಲು ಇದೇನು ಮದುವೆಯ ಊಟವೇ? ಈ ವಿಷಯ ಅವಳಿಗೂ ತಿಳಿಸಿದ್ದೇನೆ. "ಹಾಕು ಅಪ್ಪ, ಧಾರಾಳವಾಗಿ ಹಾಕು. ಚೀಟಿ ನಿಂದೇ ಬಂದ್ರೂ ಓಡಿಸೋದು ನಾನೇ" ಅಂದಳು. ತಮ್ಮ ತೀರ್ಪಿಗೆ ಮೇಲ್ಮನವಿಯೇ ಇಲ್ಲವೆಂದು ತಾವು ಇಷ್ಟು ದಿನ ಕಿಟಕಿಯ ಕಟ್ಟೆಯ ಮೇಲೆ ಬೀಗುತ್ತ ಕೂತಿದ್ದಿರಲ್ಲ, ಆ ಬಿಂಕವನ್ನು ಇನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು.